ಮೆಣಸಿನ ಸಸಿಗೆ ನೀರು ಎಷ್ಟು, ಗೊಬ್ಬರ ಯಾವಾಗ, ಔಷಧಿ ಹೇಗೆ?

ಸಸಿ ಬಾಡಿದ್ದು ಕಂಡ ಕೂಡಲೇ ಕೈ ನೀರಿನ ಚೊಂಬಿಗೆ ಹೋಗುತ್ತದೆ. ಎಲೆ ಹಳದಿಯಾದರೆ ಗೊಬ್ಬರದ ಡಬ್ಬಿಗೆ, ಮುದುಡಿದರೆ ಸ್ಪ್ರೇ ಬಾಟಲಿಗೆ. ತಾರಸಿಯಲ್ಲಿ ಮೆಣಸಿನಕಾಯಿ, ಟೊಮೆಟೊ ಬೆಳೆಸುವ ಸ್ನೇಹಿತರ ಮನೆಗಳಲ್ಲಿ ನಾನು ನೋಡಿದ ಸತ್ತ ಸಸಿಗಳಲ್ಲಿ ನೀರಿಲ್ಲದೆ ಒಣಗಿದವು ಕಡಿಮೆ. ಹೆಚ್ಚಿನವು ಸತ್ತದ್ದು ಆರೈಕೆ ಮಿತಿಮೀರಿ. ನನ್ನ ಮೊದಲ ವರ್ಷದ ಬ್ಯಾಡಗಿ ಸಸಿಗಳೂ ಹಾಗೇ ಹೋದವು. ಹಾವೇರಿ ಕಡೆಯ ಸೋದರಮಾವ ಕೊಟ್ಟ ಬೀಜ. ನಲವತ್ತು ಸಸಿ ಎದ್ದಿದ್ದವು. ಜೂನ್ ತಿಂಗಳ ಮೋಡದ ಒಂದು ವಾರದಲ್ಲಿ, ದಿನಕ್ಕೆರಡು ಹೊತ್ತು ತಪ್ಪದೆ ನೀರು ಹಾಕುತ್ತಿದ್ದಾಗಲೇ, ಒಂಬತ್ತು ಬಿಟ್ಟು ಉಳಿದೆಲ್ಲವೂ ಬುಡದಲ್ಲಿ ಕುಸಿದು ಮಲಗಿದವು. ಅವನ್ನು ಕಿತ್ತು ಎಸೆದ ಬೇಸರ ಇನ್ನೂ ಮರೆತಿಲ್ಲ.

ಮೊಳಕೆಯೊಡೆದ ದಿನದಿಂದ ನಾಟಿ ಮಾಡುವ ತನಕ ಮೆಣಸಿಗೆ ಸುಮಾರು 35ರಿಂದ 40 ದಿನ, ಟೊಮೆಟೊಗೆ 25ರಿಂದ 30 ದಿನ. ಈ ಲೇಖನ ಆ ದಿನಗಳಿಗಾಗಿ, ಮತ್ತು ನಾಟಿಯಾದ ಮೇಲಿನ ಎರಡು ಮೂರು ವಾರಕ್ಕಾಗಿ.

ಮೊದಲು ಪಾತ್ರೆ ಸರಿಮಾಡಿ

ನೀರು ಹೆಚ್ಚಾಗುವ ತಪ್ಪು ನೀರು ಹಾಕುವ ಮೊದಲೇ ಶುರುವಾಗಿರುತ್ತದೆ. ಎರಡೆಲೆಯ ಸಸಿಯನ್ನು ನೇರವಾಗಿ ದೊಡ್ಡ ಗ್ರೋ ಬ್ಯಾಗಿಗೆ ಇಟ್ಟರೆ, ಅದರ ಬೇರು ಮುಟ್ಟುವುದು ಒಂದು ಹಿಡಿ ಮಣ್ಣನ್ನು ಮಾತ್ರ. ಸುತ್ತಲಿನ ಮಣ್ಣಿನ ನೀರನ್ನು ಹೀರುವವರು ಯಾರೂ ಇಲ್ಲ. ಅದು ವಾರಗಟ್ಟಲೆ ಹಸಿಯಾಗಿಯೇ ಉಳಿದು ಹಳಸುತ್ತದೆ. ಆದ್ದರಿಂದ ಪ್ರೋಟ್ರೇಯಲ್ಲಿ (ಸಣ್ಣ ಸಣ್ಣ ಗುಳಿಗಳಿರುವ ಸಸಿ ತಟ್ಟೆ) ಬಿತ್ತಿ, ನಾಲ್ಕೈದು ಎಲೆ ಬಂದ ಮೇಲೆ ಟೀ ಲೋಟದಷ್ಟು ದೊಡ್ಡ ಕಪ್ಪಿಗೆ, ಆ ಕಪ್ಪಿನ ತುಂಬ ಬೇರು ಹೆಣೆದ ಮೇಲೆ ದೊಡ್ಡ ಕುಂಡಕ್ಕೆ ಹೋಗಿ. ಕಪ್ಪಿನ ತಳಕ್ಕೆ ಕನಿಷ್ಠ ಮೂರು ತೂತು ಇರಲಿ.

ಕುಂಡದ ತಳಕ್ಕೆ ಜಲ್ಲಿಯನ್ನೋ ಹೆಂಚಿನ ಚೂರನ್ನೋ ಹರಡಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ನಿಜವಾಗಿ ಆಗುವುದು ಬೇರೆ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣಿನ ಕೆಳಪದರ ಪೂರ್ತಿ ನೆನೆಯುವವರೆಗೆ ಅಲ್ಲೇ ನಿಲ್ಲುತ್ತದೆ. ಜಲ್ಲಿ ಹಾಕಿದಷ್ಟೂ ಆ ಜೌಗು ಪದರ ಬೇರಿನ ಹತ್ತಿರಕ್ಕೆ ಮೇಲೇರುತ್ತದೆ. ತೂತಿನ ಮೇಲೆ ಒಂದೇ ಒಂದು ಹೆಂಚಿನ ಚೂರು ಮುಚ್ಚಿದರೆ ಸಾಕು, ಮಣ್ಣು ಸೋರದಿರಲೆಂದು.

ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸುವವರು ಅದನ್ನು ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿಕೊಳ್ಳಿ. ತೊಳೆಯದ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ. ಸಸಿಯ ಎಲೆಯಂಚು ಸುಟ್ಟಂತಾಗಲು ಅದೇ ಸಾಕು.

ನೀರು: ನೋಡಿ, ಮುಟ್ಟಿ, ಎತ್ತಿ, ಆಮೇಲೆ ಹಾಕಿ

ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಒಂದಿಷ್ಟು ನೀರು, ಒಂದಿಷ್ಟು ಗಾಳಿ ಇರಬೇಕು. ಸಂದುಗಳೆಲ್ಲ ನೀರಿನಿಂದಲೇ ತುಂಬಿದರೆ ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಉಸಿರು ಸಿಗದ ಬೇರು ನೀರನ್ನೂ ಹೀರಲಾರದು. ಆದ್ದರಿಂದಲೇ ನೀರಿನಲ್ಲಿ ನಿಂತ ಸಸಿ ನೀರಿಲ್ಲದ ಸಸಿಯ ಹಾಗೆಯೇ ಬಾಡುತ್ತದೆ. ಟೊಮೆಟೊದಲ್ಲಿ ಇದು ಇನ್ನೂ ಸ್ಪಷ್ಟ. ಉಸಿರುಗಟ್ಟಿದ ಬೇರಿನಿಂದ ಮೇಲೇರುವ ಒಂದು ವಸ್ತು ಎಲೆಗಳಲ್ಲಿ ಎಥಿಲೀನ್ ಅನಿಲವಾಗಿ ಮಾರ್ಪಡುತ್ತದೆ. ಅದರಿಂದ ಎಲೆತೊಟ್ಟಿನ ಮೇಲ್ಭಾಗ ಕೆಳಭಾಗಕ್ಕಿಂತ ಬೇಗ ಬೆಳೆದು, ಎಲೆ ತುಂಬಿಕೊಂಡಿದ್ದರೂ ತೊಟ್ಟು ನೆಲದತ್ತ ಬಾಗುತ್ತದೆ. ಬಾಯಾರಿದ ಸಸಿಯ ಎಲೆ ಮುಟ್ಟಿದರೆ ತೆಳ್ಳಗೆ, ಬಟ್ಟೆಯ ಹಾಗೆ ಸಡಿಲ. ನೀರು ಹೆಚ್ಚಾದ ಸಸಿಯ ಎಲೆ ದಪ್ಪಗೆ, ಉಬ್ಬಿಕೊಂಡು ಜೋತು ಬಿದ್ದಿರುತ್ತದೆ. ಎರಡನ್ನೂ ಒಮ್ಮೆ ಮುಟ್ಟಿ ನೋಡಿದರೆ ಮತ್ತೆ ಗೊಂದಲವಾಗದು. ಆದರೆ ಬೇರು ಆಗಲೇ ಕೊಳೆತಿದ್ದರೆ ಎಲೆಯೂ ಸಡಿಲವಾಗುತ್ತದೆ. ಆದ್ದರಿಂದ ಎಲೆಯ ಜೊತೆಗೆ ಮಣ್ಣನ್ನೂ ಮುಟ್ಟಲೇಬೇಕು.

ಮಾವನ ಹೊಲದಲ್ಲಿ ಮಳೆ ನಿಂತ ಮರುದಿನವೇ ನಾನು ಕಳೆ ತೆಗೆಯಲು ಹೊರಟಾಗ ಅವರು ತಡೆದಿದ್ದರು: "ತಡಿಯವ್ವಾ, ನೆಲಕ್ಕ ಬೆದಿ ಬರ್ಲಿ, ಉಸಿರಾಡ್ಲಿ." ರೈತರು ಬೆದೆ ಎಂದೂ ಹದ ಎಂದೂ ಕರೆಯುವ ಸ್ಥಿತಿ ಕುಂಡದೊಳಗೂ ಇದೆ. ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ಒತ್ತಿದರೆ ಉದುರಬೇಕು. ಉಂಡೆ ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಇನ್ನೂ ಹದ ಬಂದಿಲ್ಲ.

ದಿನವೂ ಬೆಳಿಗ್ಗೆ ಮಾಡಬೇಕಾದ್ದು ಇಷ್ಟು. ಕಪ್ಪಿನ ಮಣ್ಣಿನೊಳಗೆ ಬೆರಳನ್ನು ಒಂದು ಗೆಣ್ಣಿನಷ್ಟು ಇಳಿಸಿ, ದೊಡ್ಡ ಕುಂಡವಾದರೆ ಎರಡು ಗೆಣ್ಣು. ತಂಪಾಗಿ ಮಣ್ಣು ಅಂಟಿಕೊಂಡರೆ ಇವತ್ತು ನೀರು ಬೇಡ. ಕೋಕೋಪೀಟ್ ಇರುವ ಕಡೆ ಬರಿಗಣ್ಣನ್ನು ನಂಬಬೇಡಿ. ಅದರ ಮೇಲ್ಪದರ ಒಣಗಿ ತಿಳಿಕಂದಾಗಿದ್ದರೂ ಒಂದು ಅಂಗುಲ ಕೆಳಗೆ ತೊಯ್ದಿರುತ್ತದೆ. ಅದಕ್ಕಿಂತ ನಂಬಿಕಸ್ತ ಅಳತೆ ತೂಕ. ನೀರು ಹಾಕಿ ಬಸಿದ ಮೇಲೆ ಕಪ್ಪನ್ನೊಮ್ಮೆ ಎತ್ತಿ ನೋಡಿ, ಒಣಗಿದಾಗ ಮತ್ತೊಮ್ಮೆ ಎತ್ತಿ. ವಾರದೊಳಗೆ ಕೈಗೆ ಅಭ್ಯಾಸವಾಗುತ್ತದೆ. ನಾನು ಈಗ ಪ್ರೋಟ್ರೇಯ ಒಂದು ಮೂಲೆ ಎತ್ತಿಯೇ ನಿರ್ಧರಿಸುತ್ತೇನೆ.

ಹಾಕುವಾಗ ತುಂಬ ಹಾಕಿ. ಇದು ಕೇಳಲು ವಿಚಿತ್ರ, ಆದರೆ ದಿನಕ್ಕೊಂದು ಗುಟುಕು ಹಾಕುವುದೇ ಹೆಚ್ಚು ಕೆಟ್ಟದ್ದು. ಮೇಲ್ಪದರ ಯಾವಾಗಲೂ ಹಸಿ, ತಳ ಕೆಲವೊಮ್ಮೆ ಒಣ. ಬೇರು ಕೆಳಗಿಳಿಯುವುದೇ ಇಲ್ಲ. ತಳದ ತೂತಿನಿಂದ ನೀರು ಹೊರಬರುವಷ್ಟು ನಿಧಾನವಾಗಿ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಕಾಲು ಗಂಟೆಯೊಳಗೆ ಚೆಲ್ಲಿ. ಆಮೇಲೆ ಹದ ಬರುವ ತನಕ ಕಾಯಿರಿ. ಏಪ್ರಿಲ್ ಬಿಸಿಲಿಗೆ ಅದು ಒಂದೇ ದಿನ ಆಗಬಹುದು, ಜುಲೈ ಮೋಡಕ್ಕೆ ನಾಲ್ಕೈದು ದಿನ. ಕ್ಯಾಲೆಂಡರ್ ನೋಡಿ ನೀರು ಹಾಕುವಂತಿಲ್ಲ.

ಸಂಜೆ ಹೊತ್ತು ಬೇಡ. ರಾತ್ರಿಯಿಡೀ ಬುಡ ಹಸಿಯಾಗಿದ್ದರೆ ಸಸಿ ಕೊಳೆ ರೋಗಕ್ಕೆ ಹಾದಿ. ನನ್ನ ಬ್ಯಾಡಗಿ ಸಸಿಗಳನ್ನು ಮಲಗಿಸಿದ್ದು ಇದೇ. ಪಿಥಿಯಂ ಎಂಬ ಜೀವಿಯ ಬೀಜಾಣುಗಳು ಮಣ್ಣಿನ ನೀರಿನ ಪದರದಲ್ಲಿ ಈಜಿ ಒಂದು ಸಸಿಯಿಂದ ಇನ್ನೊಂದಕ್ಕೆ ತಲುಪುತ್ತವೆ. ನೀರು ನಿಲ್ಲದಿದ್ದರೆ ಅವಕ್ಕೆ ದಾರಿಯಿಲ್ಲ. ಬುಡ ನೀರು ಕುಡಿದ ದಾರದಂತೆ ತೆಳ್ಳಗಾಗಿ ಸಸಿ ಒರಗಿದರೆ ಅದನ್ನು ಉಳಿಸಲಾಗದು. ಅಕ್ಕಪಕ್ಕದ ಮಣ್ಣಿನ ಸಮೇತ ತೆಗೆದುಹಾಕಿ, ಉಳಿದವನ್ನು ಗಾಳಿಯಾಡುವ ಕಡೆ ಇಡಿ. ಬಿತ್ತುವ ಮೊದಲೇ ಮಣ್ಣಿನ ಮಿಶ್ರಣಕ್ಕೆ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸುವುದು ಒಳ್ಳೆಯ ರೂಢಿ. ರೋಗ ಬಂದ ಮೇಲೆ ಹಾಕಿದರೆ ಅಷ್ಟು ಉಪಯೋಗವಿಲ್ಲ.

ಮಣ್ಣಿನ ಮೇಲೆ ಹಸಿರು ಪಾಚಿ, ಕುಂಡ ಅಲುಗಿಸಿದರೆ ಏಳುವ ಸಣ್ಣ ಕಪ್ಪು ನೊಣಗಳು, ಇವೆರಡೂ ನೀರು ಹೆಚ್ಚಾಗಿದೆ ಎಂಬ ಸೂಚನೆ. ಆ ನೊಣದ ಮರಿಹುಳು ಹಸಿ ಮಣ್ಣಿನಲ್ಲಿದ್ದು ಎಳೆ ಬೇರನ್ನು ತಿನ್ನುತ್ತದೆ. ಔಷಧಿಗಿಂತ ಮೊದಲು ಮಣ್ಣಿನ ಮೇಲ್ಪದರ ಒಣಗಲು ಬಿಡಿ.

ಗೊಬ್ಬರ: ಮೂರನೇ ಎಲೆ ಬರುವ ತನಕ ಏನೂ ಬೇಡ

ಮೊಳಕೆಯ ಜೊತೆ ಬರುವ ಎರಡು ಬೀಜದಳಗಳು ಸಸಿಯ ಬುತ್ತಿ. ಅವು ಹಸಿರಾಗಿರುವಷ್ಟು ದಿನ ಹೊರಗಿನ ಗೊಬ್ಬರಕ್ಕೆ ಅವಸರವಿಲ್ಲ. ಮಿಶ್ರಣದಲ್ಲಿ ಮೂರನೇ ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟೋ ಎರೆಗೊಬ್ಬರವೋ ಇದ್ದರೆ ಕಪ್ಪಿನಲ್ಲಿರುವವರೆಗೂ ಬಹುತೇಕ ಸಾಕಾಗುತ್ತದೆ. ಹಸಿ ಸಗಣಿ, ಕಳಿಯದ ಕೋಳಿ ಗೊಬ್ಬರ ಮಾತ್ರ ಹತ್ತಿರ ತರಬೇಡಿ. ಕಳಿಯುವಾಗ ಹುಟ್ಟುವ ಕಾವು ಮತ್ತು ಅಮೋನಿಯಾ ಎಳೆ ಬೇರನ್ನು ಸುಡುತ್ತವೆ.

ಗೊಬ್ಬರ ಎಂದರೆ ಉಪ್ಪು ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ತಪ್ಪು ತಪ್ಪುತ್ತದೆ. ಉಪ್ಪು ಸವರಿದ ಸೌತೆಕಾಯಿ ಹೋಳು ನೀರು ಬಿಡುತ್ತದಲ್ಲ, ಅದೇ ಕೆಲಸ ಬೇರಿನ ಸುತ್ತ ನಡೆಯುತ್ತದೆ. ಹೊರಗೆ ಉಪ್ಪು ಹೆಚ್ಚಾದರೆ ಬೇರು ನೀರನ್ನು ಎಳೆದುಕೊಳ್ಳಲಾರದು. ಎಲೆಯ ತುದಿ, ಅಂಚು ಮೊದಲು ಕಂದಾಗುತ್ತವೆ. ಮಣ್ಣಿನ ಮೇಲೆ, ಕುಂಡದ ಅಂಚಿಗೆ ಬಿಳಿ ಹೊಪ್ಪಳೆ ಕಟ್ಟುತ್ತದೆ. ಸಾರಜನಕ ಹೆಚ್ಚಾದ ಸಸಿ ಇನ್ನೊಂದು ರೀತಿ. ಎಲೆ ಕಡುಹಸಿರಾಗಿ, ಮೆತ್ತಗಾಗಿ, ತುದಿ ಕೆಳಗೆ ಕೊಕ್ಕೆಯಂತೆ ಬಾಗುತ್ತದೆ. ನೋಡಲು ಸೊಂಪು. ಆದರೆ ಆ ಮೆತ್ತನೆಯ ಎಲೆಗೇ ರಸ ಹೀರುವ ಸಸ್ಯಹೇನು ಬೇಗ ಹತ್ತುತ್ತದೆ, ಹೂವೂ ತಡವಾಗುತ್ತದೆ.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಹೊಲಕ್ಕೆ ಅಳೆದು ಹಾಕುವ ಆ ಗೊಬ್ಬರವನ್ನು ಕಪ್ಪಿಗೆ ಚಿಟಿಕೆ ಹಾಕುವುದೂ ದೊಡ್ಡ ಅಪಾಯ. ನಾನು ಸಸಿಗೆ ಯೂರಿಯಾ, ಡಿಎಪಿ ಎರಡನ್ನೂ ಮುಟ್ಟಿಸುವುದಿಲ್ಲ. ಬೀಜದಳ ಬಿಟ್ಟು ಮೂರು ನಾಲ್ಕು ನಿಜವಾದ ಎಲೆ ಬಂದ ಮೇಲೆ, ಸಸಿ ಬಿಳಚಿದಂತೆ ಕಂಡರೆ ಮಾತ್ರ, ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಪಾಲು) ಲೀಟರಿಗೆ 1 ಗ್ರಾಂ ಕರಗಿಸಿ, ಹತ್ತು ದಿನಕ್ಕೊಮ್ಮೆ, ಮೊದಲೇ ತೇವ ಇರುವ ಮಣ್ಣಿಗೆ ಹಾಕುತ್ತೇನೆ. ಚಮಚದ ಅಂದಾಜು ಬೇಡ. ಒಂದು ಟೀ ಚಮಚ ತುಂಬಿದರೆ ಸುಮಾರು 5 ಗ್ರಾಂ, ಅಂದರೆ ಐದು ಪಟ್ಟು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ 10 ಗ್ರಾಂ ತೂಗಿ ಒಂದು ಲೀಟರಿನಲ್ಲಿ ಕರಗಿಸಿ, ಅದರಿಂದ 100 ಮಿಲಿ ತೆಗೆದು 900 ಮಿಲಿ ನೀರಿಗೆ ಬೆರೆಸಿಕೊಳ್ಳಿ. ಸಣ್ಣ ತೂಕದ ತಪ್ಪು ಹೀಗೆ ತಪ್ಪುತ್ತದೆ.

ಸಾವಯವ ಎಂದ ಮಾತ್ರಕ್ಕೆ ಹೆಚ್ಚಾಗದು ಎಂದುಕೊಳ್ಳಬೇಡಿ. ಕಡಲೆಹಿಂಡಿ ನೆನೆಸಿದ ನೀರು, ಗಂಜಲ ಇವೆಲ್ಲ ತೀಕ್ಷ್ಣ. ಹಿಂಡಿ ನೀರನ್ನು ತಿಳಿ ಚಹಾದ ಬಣ್ಣ ಬರುವಷ್ಟು ತೆಳುಮಾಡಿ. ಗಂಜಲವನ್ನು ದೊಡ್ಡ ಗಿಡಕ್ಕೆ ಒಂದಕ್ಕೆ ಹತ್ತು ಪಾಲು ನೀರು ಬೆರೆಸುವವರು ಸಸಿಗೆ ಒಂದಕ್ಕೆ ಇಪ್ಪತ್ತು ಮಾಡಿಕೊಳ್ಳಲಿ. ಒಂದೇ ವಾರದಲ್ಲಿ ಹಿಂಡಿ ನೀರು, ಎರೆಜಲ, ಜೀವಾಮೃತ ಮೂರನ್ನೂ ಕೊಡುವವರನ್ನು ಕಂಡಿದ್ದೇನೆ. ಒಂದನ್ನು ಆರಿಸಿಕೊಳ್ಳಿ.

ಸಿಂಪಡಣೆ: ಮೊದಲು ಎಲೆ ಯಾವ ಕಡೆ ಮುದುಡಿದೆ ನೋಡಿ

ಮೆಣಸಿನ ಎಲೆ ದೋಣಿಯಂತೆ ಮೇಲ್ಮುಖವಾಗಿ ಮಡಚಿದರೆ ಥ್ರಿಪ್ಸ್ ನುಸಿ, ಬೋರಲಾದ ದೋಣಿಯಂತೆ ಕೆಳಮುಖವಾಗಿ ಮಡಚಿದರೆ ಮೈಟ್ ನುಸಿ. ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ. ಓಡಾಡುವ ಸಣ್ಣ ಹಳದಿ ಕಡ್ಡಿಗಳಂಥವು ಕಂಡರೆ ಥ್ರಿಪ್ಸ್. ಮೈಟ್ ಬರಿಗಣ್ಣಿಗೆ ಕಾಣುವುದು ಕಷ್ಟ, ಭೂತಗನ್ನಡಿ ಬೇಕು. ಏನೂ ಇಲ್ಲದಿದ್ದರೆ ಬಿಸಿಲ ಝಳಕ್ಕೋ ನೀರಿಗೋ ಮುದುಡಿರಬಹುದು. ಕೀಟ ಕಾಣದೆ ಔಷಧಿ ಹೊಡೆಯಬೇಡಿ.

ಔಷಧಿಯಿಂದ ಎಲೆ ಸುಡುವುದಕ್ಕೆ ನಾನು ಹೆಚ್ಚು ಕಂಡ ಕಾರಣ ಬೇವಿನೆಣ್ಣೆ ಸರಿಯಾಗಿ ಬೆರೆಯದೆ ಇರುವುದು. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಬಾಟಲಿಯ ನಳಿಗೆ ತಳದಿಂದ ಹೀರುತ್ತದೆ. ಮೊದಲ ಗಿಡಗಳಿಗೆ ಬರೀ ನೀರು, ಕೊನೆಯ ಗಿಡಗಳಿಗೆ ಬರೀ ಎಣ್ಣೆ. ಸುಟ್ಟ ಸಸಿಗಳು ಸಾಲಿನ ಕೊನೆಯಲ್ಲೇ ಇದ್ದರೆ ಕಾರಣ ಇದೇ ಎಂದು ತಿಳಿಯಿರಿ. ಅರ್ಧ ಲೋಟ ಬೆಚ್ಚಗಿನ ನೀರಿಗೆ ಕೆಲವು ಹನಿ ಮೃದುವಾದ ದ್ರವ ಸೋಪು ಹಾಕಿ, ಅದಕ್ಕೆ 2 ಮಿಲಿ ಬೇವಿನೆಣ್ಣೆ ಬಿಟ್ಟು ಹಾಲಿನಂತಾಗುವ ತನಕ ಕುಲುಕಿ. ಆಮೇಲೆ ಒಂದು ಲೀಟರಿಗೆ ತುಂಬಿಸಿ, ಸಿಂಪಡಿಸುತ್ತಲೇ ಮಧ್ಯೆ ಮಧ್ಯೆ ಕುಲುಕಿ, ಅಂದೇ ಮುಗಿಸಿ. ಬಟ್ಟೆ ಒಗೆಯುವ ಪುಡಿ ಬಳಸಬೇಡಿ. ಅದರಲ್ಲಿನ ಸೋಡಾ ಎಲೆಯ ಮೇಣದ ಪದರವನ್ನೇ ಕಿತ್ತುಹಾಕುತ್ತದೆ.

ಹೊಸ ದ್ರಾವಣ ಯಾವುದೇ ಇರಲಿ, ಮೊದಲು ಎರಡು ಸಸಿಗೆ ಮಾತ್ರ ಹೊಡೆದು ಎರಡು ದಿನ ಬಿಡಿ. ಈ ಒಂದು ಅಭ್ಯಾಸ ನನ್ನ ಸಸಿಗಳನ್ನು ಉಳಿಸಿದಷ್ಟು ಯಾವ ಔಷಧಿಯೂ ಉಳಿಸಿಲ್ಲ. ಬಿಸಿಲು ಏರುವ ಮೊದಲು, ಇಲ್ಲವೇ ಇಳಿಹೊತ್ತಿನಲ್ಲಿ ಎಲೆ ಕತ್ತಲಾಗುವುದರೊಳಗೆ ಆರುವಂತೆ ಸಿಂಪಡಿಸಿ. ಬಾಡಿದ ಸಸಿಗೆ ಎಂದೂ ಬೇಡ. ನೀರು ಹಾಕಿ, ಎಲೆ ಎದ್ದ ಮೇಲೆ. ಮೈಟ್ ನುಸಿಗೆ ಬಳಸುವ ಗಂಧಕವನ್ನು 32 ಡಿಗ್ರಿ ಮೀರಿದ ದಿನಗಳಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದರೂ ಹಾಗೇ.

ಮಲೆನಾಡಿನಲ್ಲಿ ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವವರು ದ್ರಾವಣಕ್ಕೆ ಕತ್ತಿಯ ಅಲಗು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಅಂಟಿದರೆ ಮೈಲುತುತ್ತ ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ತಿಳಿ ಬೇಕು. ಆ ಪರೀಕ್ಷೆ ಎಲೆಯನ್ನು ಸುಡದಿರಲೆಂದೇ ಬಂದದ್ದು. ಅಡಿಕೆಗೆ ಮಾಡಿದ್ದು ಉಳಿದಿದೆ ಎಂದು ಮನೆಯಂಗಳದ ಮೆಣಸಿನ ಸಸಿಗೆ ಹೊಡೆಯುವುದು ಮಾತ್ರ ಬೇಡ.

ಇನ್ನೊಂದು ಮಾತು ಹೊಲ ಇರುವವರಿಗೆ. ಕಳೆನಾಶಕ ಹೊಡೆದ ಪಂಪಿನಲ್ಲಿ ಸಸಿಗೆ ಏನನ್ನೂ ಹೊಡೆಯಬೇಡಿ, ಎಷ್ಟು ತೊಳೆದಿದ್ದರೂ. 2,4-ಡಿ ಕಳೆನಾಶಕದ ಅಲ್ಪ ಅಂಶ ಸಾಕು, ಟೊಮೆಟೊ, ಮೆಣಸಿನ ಚಿಗುರು ತಿರುಚಿ, ಎಲೆ ಪಟ್ಟಿಯಂತೆ ಕಿರಿದಾಗುತ್ತದೆ. ಅದನ್ನು ಎಲೆ ಮುದುಡುವ ಮುಟುರು ರೋಗವೆಂದು ತಿಳಿದು ಮತ್ತೆ ಅದೇ ಪಂಪಿನಲ್ಲಿ ಔಷಧಿ ಹೊಡೆದರೆ ಗಿಡದ ಪಾಡು ಹೇಳಲಾಗದು. ಕಳೆನಾಶಕಕ್ಕೆಂದೇ ಬೇರೆ ಪಂಪ್ ಇಟ್ಟು ಕೆಂಪು ಬಣ್ಣ ಬಳಿದಿಡಿ.

ಹೆಚ್ಚಾಗಿ ಹೋಗಿದ್ದರೆ

ನೀರು ಹೆಚ್ಚಾದರೆ ಕುಂಡವನ್ನು ನೆರಳು ಮತ್ತು ಗಾಳಿ ಎರಡೂ ಇರುವ ಕಡೆ ಇಟ್ಟು, ಓರೆಯಾಗಿ ಒರಗಿಸಿ. ಹೆಚ್ಚಿನ ನೀರು ಮೂಲೆಗೆ ಇಳಿದು ಬಸಿಯುತ್ತದೆ. ಗೊಬ್ಬರ ಹೆಚ್ಚಾದರೆ ಕುಂಡದ ಗಾತ್ರದ ಎರಡು ಮೂರು ಪಟ್ಟು ಸಾದಾ ನೀರು ನಿಧಾನವಾಗಿ ಹಾಯಿಸಿ ಉಪ್ಪನ್ನು ತೊಳೆಯಿರಿ. ಆಮೇಲೆ ಹದ ಬರುವ ತನಕ ಮುಟ್ಟಬೇಡಿ. ಔಷಧಿ ಹೆಚ್ಚಾದರೆ ಕೂಡಲೇ ಸಾದಾ ನೀರಿನಿಂದ ಎಲೆಯ ಎರಡೂ ಮಗ್ಗುಲು ತೊಳೆದು ನೆರಳಿಗೆ ಸರಿಸಿ.

ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಆದರೂ ಕೀಳಬೇಡಿ. ಅರ್ಧ ಹಸಿರಿದ್ದರೂ ಅದು ಸಸಿಗೆ ಊಟ ಮಾಡಿಕೊಡುತ್ತಿರುತ್ತದೆ. ಸುಳಿಯನ್ನು ನೋಡುತ್ತಿರಿ. ಅಲ್ಲಿಂದ ಕಲೆಯಿಲ್ಲದ ಎರಡು ಎಲೆ ಹೊರಟ ಮೇಲೆ ಹಳೆಯದನ್ನು ಕತ್ತರಿಸಿ. ಆ ವರ್ಷ ಉಳಿದ ನನ್ನ ಒಂಬತ್ತು ಸಸಿಗಳಿಗೆ ಅದಕ್ಕೆ ಹದಿನಾರು ದಿನ ಬೇಕಾಯಿತು.