ತರಗತಿಯ ಪದ್ಯ ಯೂಟ್ಯೂಬ್ ಏರುವ ಮುನ್ನ

ಜೂನ್ ಬಂತೆಂದರೆ ಕಾಸರಗೋಡಿನ ಕನ್ನಡ ಅಧ್ಯಾಪಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಳೆಯ ಜೊತೆಗೆ ಪಿಡಿಎಫ್‌ಗಳೂ ಸುರಿಯುತ್ತವೆ. ಮಲಯಾಳದಲ್ಲಿ ಸಿಗುವಷ್ಟು ಬೋಧನಾ ಸಾಮಗ್ರಿ ನಮಗೆ ಸಿಗುವುದಿಲ್ಲ. ಸಿಕ್ಕಿದ್ದನ್ನು ಹಂಚಿಕೊಂಡೇ ಬದುಕಿದವರು ನಾವು. ಆದರೂ ಕಳುಹಿಸುವ ಗುಂಡಿ ಒತ್ತುವ ಮೊದಲು ಹಕ್ಕುಸ್ವಾಮ್ಯದ ಕೆಲವು ಸಂಗತಿಗಳನ್ನು ನೋಡಿಕೊಳ್ಳಬೇಕು.

ಮೊದಲು, ಬಳಕೆ ಎಲ್ಲಿ ಎಂಬುದನ್ನು ಗೊತ್ತುಮಾಡಿಕೊಳ್ಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪಾಠ ಹೇಳುವವರ ವಿಷಯದಲ್ಲಿ ಧಾರಾಳಿ. ಪಾಠಕ್ಕೆಂದು ಪ್ರತಿ ತೆಗೆಯಬಹುದು, ಪ್ರಶ್ನೆಪತ್ರಿಕೆಯಲ್ಲಿ ಪದ್ಯ ಕೊಡಬಹುದು. ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಇದನ್ನು ವಿಶಾಲವಾಗಿಯೇ ಅರ್ಥೈಸಿತು. ಹಾಗೆಂದು ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಜಿಲ್ಲೆಗೆಲ್ಲ ಹಂಚುವುದನ್ನು ಪಾಠವೆಂದು ವಾದಿಸಲು ನನಗಂತೂ ಧೈರ್ಯವಿಲ್ಲ. ವಾರ್ಷಿಕೋತ್ಸವದ ನಾಟಕಕ್ಕೂ ವಿನಾಯಿತಿ ಇದೆ. ಆದರೆ ನೋಡುವವರು ಮಕ್ಕಳು, ಅಧ್ಯಾಪಕರು, ಹೆತ್ತವರು ಮತ್ತು ಶಾಲೆಗೆ ಸಂಬಂಧಪಟ್ಟವರು ಮಾತ್ರವಾಗಿರಬೇಕು. ಯೂಟ್ಯೂಬ್‌ಗೆ ಅಂಥ ಬೇಲಿ ಎಲ್ಲಿದೆ? ಸಿನಿಮಾ ಹಾಡಿಗೆ ನಮ್ಮ ಮಕ್ಕಳು ಕುಣಿದ ವಿಡಿಯೊವನ್ನು ಜಾಲತಾಣಕ್ಕೆ ಹಾಕಿದೆವು. ಮರುದಿನವೇ ಅದರ ದನಿ ಅಡಗಿತ್ತು. ಕುಣಿತ ಉಳಿಯಿತು, ಹಾಡು ಹೋಯಿತು.

ಮುಂದಿನದು ಹಕ್ಕು ಎಷ್ಟು ಕಾಲ ಇರುತ್ತದೆ ಎಂಬ ಲೆಕ್ಕ. ಕವಿ ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಎಣಿಸಿ. ಮಂಜೇಶ್ವರದ ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಅಚ್ಚಾದ ಪದ್ಯಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈ ತೀರಿಕೊಂಡದ್ದು 2015ರಲ್ಲಿ. ಅವರ ಪದ್ಯಗಳ ಹಕ್ಕು 2075ರ ಕೊನೆಯವರೆಗೂ ಇದೆ. ಒಂದೇ ಬೆಂಚಿನಲ್ಲಿ ಕುಳಿತು ಓದುವ ಎರಡು ಪದ್ಯಗಳ ನಡುವೆ ಕಾನೂನಿನ ಲೆಕ್ಕದಲ್ಲಿ ಅರ್ಧ ಶತಮಾನದ ಅಂತರ! ಕವಿ ತೀರಿಕೊಂಡ ಮೇಲೆ ಮೊದಲ ಬಾರಿ ಪ್ರಕಟವಾದ ಕೃತಿಗೆ ಪ್ರಕಟಣೆಯ ಮರುವರ್ಷದಿಂದ ಲೆಕ್ಕ.

ಎಡವುವುದು ಇಲ್ಲಿಯೇ. ಪದ್ಯ ಮುಕ್ತವಾದರೂ ಹೊಸ ಮುದ್ರಣದ ಮುನ್ನುಡಿ, ಟಿಪ್ಪಣಿಗಳು ಸಂಪಾದಕರವು. ರಾಗ ಸಂಯೋಜಿಸಿದವರ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಆದ್ದರಿಂದ ಪುಟದ ಫೋಟೊ ಬೇಡ, ಕ್ಯಾಸೆಟ್ಟಿನ ಹಾಡೂ ಬೇಡ. ಪದ್ಯವನ್ನಷ್ಟೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಮಕ್ಕಳಿಂದ ಓದಿಸಿ, ಮೊಬೈಲಿನಲ್ಲಿ ದಾಖಲಿಸಿ. ತುಳುವಿನ ಲಯ ಬೆರೆತ ಅವರ ಓದು ನನಗೆ ಯಾವ ಗಾಯಕರ ಹಾಡಿಗಿಂತಲೂ ಇಷ್ಟ.

ಚಿತ್ರ ಬೇಕಾದರೆ ಮುಕ್ತವಾಗಿ ಬಳಸಬಹುದಾದ ಚಿತ್ರಗಳ ತಾಣವಾದ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಹುಡುಕಿ. ಬೇಕಲ ಕೋಟೆಯ ಚಿತ್ರದ ಕೆಳಗೆ ‘ಕೃಪೆ: ಗೂಗಲ್’ ಎಂದು ಬರೆದರೆ ಏನೂ ಬರೆಯದಂತೆಯೇ, ಗೂಗಲ್ ಕ್ಯಾಮೆರಾ ಹಿಡಿದು ಕೋಟೆ ಹತ್ತಿಲ್ಲ. ಛಾಯಾಗ್ರಾಹಕರ ಹೆಸರು, ಪರವಾನಗಿಯ ಹೆಸರು, ಕೊಂಡಿ, ಈ ಮೂರೂ ಇರಲಿ.

ಹಕ್ಕು ಇನ್ನೂ ಉಳಿದಿರುವ ಪದ್ಯವಾದರೆ ಕೇಳಿ. ನಮ್ಮ ಬರಹಗಾರರೋ ಅವರ ಮನೆಯವರೋ ಎರಡು ಬಸ್ಸಿನ ದೂರದಲ್ಲಿರುತ್ತಾರೆ. ಯಾವ ಪದ್ಯ, ಎಲ್ಲಿ ಹಾಕುತ್ತೀರಿ, ಹಣ ಬರುತ್ತದೆಯೇ ಎಂಬುದನ್ನು ತಿಳಿಸಿ. ಚಹಾ ಕುಡಿಯುತ್ತಾ ಬಾಯಿಮಾತಿನಲ್ಲಿ ಒಪ್ಪಿದರೂ ಒಂದು ಸಾಲು ಬರೆಸಿಕೊಳ್ಳಿ.

ಅಂದ ಹಾಗೆ, ಆ ಪದ್ಯಕ್ಕೆ ಐದನೇ ತರಗತಿಯ ಮಗು ಬರೆದ ಚಿತ್ರದ ಹಕ್ಕು ಮಗುವಿನದೇ. ಹೆತ್ತವರನ್ನು ಕೇಳಿಯೇ ಅದನ್ನು ಬಳಸಿ.