ಇಂಜೆಕ್ಟರ್: ರಿಪೇರಿ ಸಾಕೋ, ಹೊಸದೇ ಬೇಕೋ?

ಡೀಸೆಲ್ ಎಂಜಿನ್ನಿನ ಸಿಲಿಂಡರಿಗೆ ಡೀಸೆಲನ್ನು ಮಂಜಿನಂತೆ ಸಿಂಪಡಿಸುವ ಭಾಗವೇ ಇಂಜೆಕ್ಟರ್. ಅದಕ್ಕೆ ಕೈ ಹಾಕುವ ಮೊದಲು ನಾನು ಬಿಚ್ಚುವುದು ಡೀಸೆಲ್ ಫಿಲ್ಟರನ್ನು. ಒಳಗಿನ ಡೀಸೆಲನ್ನು ಬಿಳಿ ತಟ್ಟೆಗೆ ಸುರಿದು ಬಿಸಿಲಲ್ಲಿ ಓರೆ ಮಾಡಿ ನೋಡುತ್ತೇನೆ. ತಳದಲ್ಲಿ ಗುಂಡಗೆ ಉರುಳುವ ಹನಿ ಇದ್ದರೆ ನೀರು. ಕೆಂಪು ಕೆಸರಿದ್ದರೆ ಟ್ಯಾಂಕಿನ ತುಕ್ಕು. ಬೆಳ್ಳಿ ಪುಡಿಯಂಥ ಮಿಣುಕು ಕಂಡರೆ ಹೈ ಪ್ರೆಶರ್ ಪಂಪಿನ ಮೀಟರಿಂಗ್ ವಾಲ್ವ್ (ಪಂಪಿಗೆ ಹೋಗುವ ಡೀಸೆಲನ್ನು ಅಳೆದು ಬಿಡುವ ವಾಲ್ವ್) ತೆಗೆದು ಅದರ ಜಾಲರಿಯನ್ನೂ ನೋಡುತ್ತೇನೆ. ಅಲ್ಲೂ ಮಿಣುಕಿದ್ದರೆ ಪಂಪ್ ಸವೆದು ಉದುರುತ್ತಿದೆ ಎಂದರ್ಥ. ಆಗ ರಿಪೇರಿಯೋ ಹೊಸದೋ ಎಂಬ ಚರ್ಚೆಯೇ ದಂಡ. ಟ್ಯಾಂಕ್, ಪೈಪು, ರೈಲ್, ಪಂಪ್ ಎಲ್ಲ ಸರಿಯಾಗುವ ತನಕ ಹೊಸ ಇಂಜೆಕ್ಟರ್ ಕೂಡ ಅದೇ ಪುಡಿ ನುಂಗಿ ಕೆಡುತ್ತದೆ.

ಹಳೇ ಟ್ರ್ಯಾಕ್ಟರ್, ಲಾರಿ, ಪಂಪ್‌ಸೆಟ್‌ಗಳ ಮೆಕ್ಯಾನಿಕಲ್ ಇಂಜೆಕ್ಟರ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ, ರಿಪೇರಿಯೇ ಸರಿ. ಸವೆಯುವುದು ಡೀಸೆಲ್ ಚಿಮ್ಮುವ ತುದಿಯ ನಾಜಲ್, ಅದನ್ನು ಹಿಡಿದಿರುವ ಹೋಲ್ಡರ್ ವರ್ಷಗಟ್ಟಲೆ ಬಾಳುತ್ತದೆ. (1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ ಈಗ ಬಾಷ್ ಆಗಿದೆ. ಆದರೂ ‘ಮೈಕೋ ನಾಜಲ್ ಕೊಡಿ’ ಎಂದು ಕೇಳುವವರು ಇನ್ನೂ ಇದ್ದಾರೆ.) ಕೈ ಟೆಸ್ಟರ್‌ಗೆ ಹಾಕಿ ಲಿವರ್ ಒತ್ತಿದಾಗ ಮ್ಯಾನುಯಲ್‌ನಲ್ಲಿ ಹೇಳಿದ ಪ್ರೆಶರ್‌ಗೆ, 200 ಬಾರ್ ಎಂದಿಟ್ಟುಕೊಳ್ಳಿ, ಗರಗರ ಸದ್ದಿನೊಡನೆ ಮಂಜಿನಂತೆ ಹೊಡೆಯಬೇಕು. ಸದ್ದಿಲ್ಲದೆ ಪಿಚಕಾರಿಯಂತೆ ಬಂದರೆ ನಾಜಲ್ ಒಳಗಿನ ಸೂಜಿ, ಅಂದರೆ ನೀಡಲ್, ಸರಿಯಾಗಿ ಕೂತಿಲ್ಲ. ಆಮೇಲೆ 180ಕ್ಕೆ ತಂದು 10 ಸೆಕೆಂಡ್ ಹಿಡಿಯಬೇಕು. ತುದಿ ಒದ್ದೆಯಾಗಬಹುದು, ಹನಿ ಬೀಳಕೂಡದು. ಪ್ರೆಶರ್ ಮಾತ್ರ ಕಮ್ಮಿ ಇದ್ದರೆ ಸ್ಪ್ರಿಂಗ್ ಮೇಲಿನ ಶಿಮ್ (ತೆಳು ಬಿಲ್ಲೆ) ಬದಲಿಸಿದರೆ ಸಾಕು. ಶಿಮ್ 0.1 ಮಿ.ಮೀ. ದಪ್ಪವಾದರೆ ಸುಮಾರು 10 ಬಾರ್ ಏರುತ್ತದೆ.

ನೀಡಲನ್ನು ಡೀಸೆಲ್‌ನಲ್ಲಿ ಅದ್ದಿ, ನಾಜಲನ್ನು ಓರೆಯಾಗಿ ಹಿಡಿದು, ಮೂರನೇ ಒಂದು ಭಾಗ ಹೊರಗೆಳೆದು ಬಿಟ್ಟಾಗ ತನ್ನ ಭಾರಕ್ಕೇ ಜಾರಿ ಒಳಗಿಳಿಯಬೇಕು. ತಡೆದರೆ ತೊಳೆದು ಇನ್ನೊಮ್ಮೆ ನೋಡಿ. ನೀಡಲ್ ನೀಲಿಗಟ್ಟಿದ್ದರೆ ತೊಳೆಯುವುದೂ ಬೇಡ, ಅದು ಬಿಸಿಗೆ ಸತ್ತಿದೆ. ನಾಲ್ಕು ನಾಜಲ್ ಒಟ್ಟಿಗೆ ಬಿಚ್ಚಿದಾಗ ಒಂದರ ನೀಡಲ್ ಇನ್ನೊಂದಕ್ಕೆ ಹೋಗದಂತೆ ಬೇರೆ ಬೇರೆ ಬಟ್ಟಲಲ್ಲಿಡಬೇಕು, ಅವು ಕೆಲವೇ ಮೈಕ್ರಾನ್ ಸಂದಿನ ಜೋಡಿಗಳು. ಹೋಲ್ಡರ್ ಎಸೆಯುವುದು ಎರಡೇ ಕಾರಣಕ್ಕೆ: ನಾಜಲ್ ಕೂರುವ ಮುಖದಲ್ಲಿ ಲ್ಯಾಪಿಂಗ್‌ಗೂ (ನುಣ್ಣಗೆ ಉಜ್ಜಿ ಮಟ್ಟ ಮಾಡುವುದಕ್ಕೂ) ಹೋಗದ ಗುಂಡಿ, ಇಲ್ಲವೇ ಪೈಪಿನ ಥ್ರೆಡ್ ಸವೆತ.

ನಿಜವಾದ ತಲೆಬಿಸಿ ಕಾಮನ್ ರೈಲಿನದು, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಹೈ ಪ್ರೆಶರ್ ಕೊಳವೆಯಿಂದ (ರೈಲ್) ಡೀಸೆಲ್ ಹೋಗುವ ಎಂಜಿನ್ನಿನದು. ಕರೆಂಟಿನ ಸುರುಳಿಯಿಂದ ತೆರೆಯುವ ಸೊಲೆನಾಯ್ಡ್ ಇಂಜೆಕ್ಟರ್ ಆದರೆ ಮೊದಲು ಗಾಡಿಯ ಮೇಲೇ ರಿಟರ್ನ್, ಅಂದರೆ ಇಂಜೆಕ್ಟರಿನಿಂದ ಟ್ಯಾಂಕಿಗೆ ಮರಳುವ ಡೀಸೆಲ್, ಅಳೆಯುತ್ತೇನೆ. ನಾಲ್ಕು ಪಾರದರ್ಶಕ ಪೈಪು, ಗೆರೆ ಇರುವ ನಾಲ್ಕು ಬಾಟಲಿ. ಗಾಡಿಯ ರಿಟರ್ನ್ ಲೈನಿನ ಬಾಯಿ ಮುಚ್ಚಲು ಮರೆಯಬಾರದು. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಓಡಿಸಿ, ಮೂರು ಬಾಟಲಿ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ ಅದರ ಎರಡು-ಮೂರು ಪಟ್ಟು ತುಂಬಿದರೆ ಅದೇ ಕಳ್ಳ. ನಾಲ್ಕೂ ಸಮನಾಗಿ ಜಾಸ್ತಿ ಬಂದರೆ ಹೋಲಿಕೆ ಮೋಸ ಮಾಡುತ್ತದೆ, ಕಂಪನಿಯ ಅಂಕಿ ನೋಡಲೇಬೇಕು.

ಗಾಡಿ ಸ್ಟಾರ್ಟೇ ಆಗದಿದ್ದರೆ ಇಂಜೆಕ್ಟರ್ ಕನೆಕ್ಟರ್‌ಗಳನ್ನು ಕಳಚಿ, ಸ್ಕ್ಯಾನರ್‌ನಲ್ಲಿ ರೈಲ್ ಪ್ರೆಶರ್ ಇಟ್ಟುಕೊಂಡು 10 ಸೆಕೆಂಡ್ ಸೆಲ್ಫ್ ಹೊಡೆಯುತ್ತೇನೆ. ಕರೆಂಟಿಲ್ಲದ ಸೊಲೆನಾಯ್ಡ್ ವಾಲ್ವ್ ಮುಚ್ಚಿಯೇ ಇರುತ್ತದೆ, ರಿಟರ್ನ್ ಹೆಚ್ಚು ಬರುವ ಹಾಗಿಲ್ಲ. ಬಾಟಲಿಗೆ ಡೀಸೆಲ್ ಸುರಿಯಿತೆಂದರೆ ಒಳಗೆ ಬಾಲ್ ಸೀಟ್ (ವಾಲ್ವಿನ ಸಣ್ಣ ಗುಂಡು ಕೂರುವ ಜಾಗ) ಸೋರುತ್ತಿದೆ, ಅಥವಾ ವಾಲ್ವ್ ಸುತ್ತಲಿನ ಸಣ್ಣ ಹೈ ಪ್ರೆಶರ್ ಸೀಲ್ ರಿಂಗ್ ಹೋಗಿದೆ. ಈ ರಿಂಗ್ ಬಗ್ಗೆ ಹೇಳಲೇಬೇಕು. ಗೈಡ್ ಟೂಲ್ ಇಲ್ಲದೆ ಬೆರಳಲ್ಲಿ ಒತ್ತಿ ಕೂರಿಸಿದರೆ ಅಂಚು ಮಡಚುತ್ತದೆ. ಹೊಸ ವಾಲ್ವ್ ಹಾಕಿದ ಮೇಲೂ ರಿಟರ್ನ್ ಇಳಿಯದಿದ್ದರೆ ಬಹಳ ಸಲ ಇದೇ ಕಾರಣ.

ಬಿಚ್ಚಿದ ವಾಲ್ವ್ ಸೀಟನ್ನು ಮೈಕ್ರೋಸ್ಕೋಪಿನಡಿ ಇಟ್ಟರೆ ಕಥೆ ಗೊತ್ತಾಗುತ್ತದೆ. ಒಳ್ಳೆಯ ಸೀಟ್ ಒಂದೇ ಸಮನಾದ ಹೊಳೆಯುವ ಬಳೆ. ಕೆಟ್ಟದ್ದರಲ್ಲಿ ಆ ಬಳೆಗೆ ಅಡ್ಡವಾಗಿ ಕೂದಲೆಳೆಯಷ್ಟು ಕಾಲುವೆ ಕೊರೆದಿರುತ್ತದೆ. ಸಾವಿರ ಬಾರ್ ದಾಟಿದ ಡೀಸೆಲ್ ಆ ಸಂದಿನಲ್ಲಿ ಹಗಲೂ ರಾತ್ರಿ ಉಕ್ಕನ್ನು ಕೊಚ್ಚುತ್ತಿರುತ್ತದೆ. ಇಂಥ ಸೀಟಿನ ಮೇಲೆ ಹೊಸ ಬಾಲ್ ಮಾತ್ರ ಇಟ್ಟು ‘ರಿಪೇರಿ ಆಯ್ತು’ ಎನ್ನುವ ಅಂಗಡಿಗಳಿವೆ. ನಾಲ್ಕು ದಿನದ ಮಾತು ಅದು. ವಾಲ್ವ್ ಸೆಟ್ ಇಡಿಯಾಗಿ ಬದಲಾಗಬೇಕು, ಆಮೇಲೆ ಆರ್ಮೇಚರ್ ಲಿಫ್ಟ್ (ಸೊಲೆನಾಯ್ಡ್ ಎಳೆಯುವ ತುಂಡು ಮೇಲೇಳುವ ದೂರ) ಅಳೆದು ಶಿಮ್ ಕೂರಿಸಬೇಕು. ಆ ಲಿಫ್ಟ್ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು, ಕಣ್ಣಂದಾಜಿಗೆ ಸಿಗುವುದಲ್ಲ.

ಆದ್ದರಿಂದ ನನ್ನ ತೀರ್ಮಾನ ಮೊದಲು ನಿಲ್ಲುವುದು ಇಂಜೆಕ್ಟರ್ ಬೆಲೆಯ ಮೇಲಲ್ಲ, ಹತ್ತಿರದಲ್ಲಿ ಕಾಮನ್ ರೈಲ್ ಟೆಸ್ಟ್ ಬೆಂಚ್ ಇದೆಯೋ ಇಲ್ಲವೋ ಎಂಬುದರ ಮೇಲೆ. ಬಾಷ್ ಪದ್ಧತಿಯ ರಿಪೋರ್ಟಿನಲ್ಲಿ ನಾಲ್ಕು ಸಾಲು ಓದಬೇಕು: ವಿಎಲ್ ಫುಲ್ ಲೋಡ್, ಇಎಂ ನಡುಮಟ್ಟದ ಲೋಡ್, ಎಲ್‌ಎಲ್ ಐಡಲ್, ವಿಇ ಪೈಲಟ್ (ಮುಖ್ಯ ಸ್ಪ್ರೇಗೆ ಮುಂಚಿನ ಸಣ್ಣ ಸ್ಪ್ರೇ). ಪ್ರತಿ ಸಾಲೂ ಆ ಸ್ಥಿತಿಯಲ್ಲಿ ಹೊಡೆದ ಡೀಸೆಲಿನ ಪ್ರಮಾಣ. ವಿಎಲ್ ಜಾಸ್ತಿ ಇದ್ದರೆ ನಾಜಲ್ ತೂತು ಸವೆದು ಹಿಗ್ಗಿರಬಹುದು, ಕಪ್ಪು ಹೊಗೆ ಅಲ್ಲಿಂದ. ಕಮ್ಮಿ ಇದ್ದರೆ ಕಾರ್ಬನ್ ಇರಬಹುದು, ಅಲ್ಟ್ರಾಸಾನಿಕ್‌ನಲ್ಲಿ ತೊಳೆದು ಮತ್ತೆ ಹಾಕಿ ನೋಡುವುದು ಲಾಭ. ವಿಎಲ್ ಸರಿಯಿದ್ದು ವಿಇ ಸೊನ್ನೆಯಾದರೆ ಲಿಫ್ಟ್ ತಪ್ಪಿದೆ, ಅಥವಾ ನೀಡಲ್ ಅಂಟುತ್ತಿದೆ. ಅಂಥದ್ದು ಹಾಕಿದರೆ ಬೆಳಗ್ಗೆ ಎಂಜಿನ್ ಸುತ್ತಿಗೆ ಹೊಡೆದಂತೆ ಕುಟ್ಟುತ್ತದೆ. ರಿಪೋರ್ಟ್ ಕೊಡದವರ ಹತ್ತಿರ ಕಾಮನ್ ರೈಲ್ ರಿಪೇರಿ ನಾನು ಮಾಡಿಸುವುದಿಲ್ಲ, ಹೊಸದೇ ಹಾಕುತ್ತೇನೆ.

ಬಾಡಿಯ ಒಳಗಿನ ಸೀಲ್ ಮುಖ ಗೀಚಿದ್ದರೆ, ನೀರಿನಿಂದ ಒಳಗೆಲ್ಲ ತುಕ್ಕು ಹಿಡಿದಿದ್ದರೆ, ಹೊರತೆಗೆಯುವಾಗ ಬಾಡಿ ತಿರುಚಿದ್ದರೆ ಕೂಡ ಹೊಸದೇ. ನಾಜಲ್ ಮತ್ತು ವಾಲ್ವ್ ಸೆಟ್ ಎರಡೂ ಬೇಕಾಗಿ ಖರ್ಚು ಹೊಸದರ ಅರ್ಧ ದಾಟಿದರೂ ನಾನು ಹೊಸದರ ಕಡೆಗೇ. ಪೀಜೋ ಇಂಜೆಕ್ಟರ್ (ಸೊಲೆನಾಯ್ಡ್ ಬದಲು ಕರೆಂಟಿಗೆ ಹಿಗ್ಗುವ ಹರಳಿನಿಂದ ತೆರೆಯುವಂಥದ್ದು) ಆದರೆ ರಿಪೇರಿ ಮಾಡಿಸದೆ ಬದಲಿಸುತ್ತೇನೆ. ಅದರ ಕನೆಕ್ಟರನ್ನು ಎಂಜಿನ್ ಓಡುವಾಗ ಎಂದೂ ಕಳಚಬೇಡಿ, ತೆರೆದೇ ನಿಂತು ಸಿಲಿಂಡರಿಗೆ ಡೀಸೆಲ್ ಸುರಿಯಬಹುದು.

ಒಳ್ಳೆಯ ಇಂಜೆಕ್ಟರನ್ನೂ ಕೂರಿಸುವಾಗ ಕೆಡಿಸಬಹುದು. ಹಳೇ ಕಾಪರ್ ವಾಷರ್ ಬೋರಿನ ತಳದಲ್ಲೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸದು ಬಿದ್ದರೆ ನಾಜಲ್ ಮೇಲೇರಿ ಸ್ಪ್ರೇ ಪಿಸ್ಟನ್ ಬಟ್ಟಲಿಗೆ ತಪ್ಪುತ್ತದೆ. ಟಾರ್ಚ್ ಬಿಟ್ಟು ನೋಡಿ, ತಳದ ಕಾರ್ಬನ್ ಕೆರೆದು, ಅದೇ ದಪ್ಪದ ಹೊಸ ವಾಷರ್ ಹಾಕಿ. ಕ್ಲ್ಯಾಂಪ್ ಬಿಗಿಯುವ ಮೊದಲು ಪೈಪಿನ ನಟ್ ಕೈಯಲ್ಲಿ ಹಿಡಿಸಿ, ಇಲ್ಲದಿದ್ದರೆ ಇಂಜೆಕ್ಟರ್ ಓರೆಯಾಗಿ ಕೂತು ಪೈಪ್ ಸೋರುತ್ತದೆ. ಗಾಳಿ ತೆಗೆಯಲೆಂದು ರೈಲ್ ಪೈಪ್ ಸಡಿಲಿಸಿ ಸೆಲ್ಫ್ ಹೊಡೆಯುವ ಹಳೇ ಚಾಳಿ ಇಲ್ಲಿ ಬೇಡ. ಆ ಪ್ರೆಶರ್‌ನ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ಅದೇ ಗಳಿಗೆ ಆಸ್ಪತ್ರೆಗೆ ಓಡಬೇಕು.

ಕೊನೆಗೆ ಕೋಡ್, ಅಂದರೆ ಆ ಇಂಜೆಕ್ಟರ್ ಎಷ್ಟು ಡೀಸೆಲ್ ಹೊಡೆಯುತ್ತದೆ ಎಂಬುದರ ಗುರುತು. ಹೊಸ ಇಂಜೆಕ್ಟರ್ ತಲೆ ಮೇಲಿನ ಅಕ್ಷರ-ಅಂಕಿಗಳನ್ನು ಕೂರಿಸುವ ಮೊದಲೇ ಫೋಟೋ ತೆಗೆದು, ಯಾವ ಸಿಲಿಂಡರಿಗೆ ಯಾವುದು ಎಂದು ಬರೆದುಕೊಂಡು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಹಾಕಬೇಕು. ರಿಪೇರಿಯಾದದ್ದರ ಮೇಲಿನ ಹಳೇ ಕೋಡ್ ಹಳೇ ನಾಜಲ್-ವಾಲ್ವಿನ ಜಾತಕ. ಹೊಸ ಕೋಡ್ ತೆಗೆಯುವ ಬೆಂಚ್ ಇದ್ದರೆ ಆ ಕೋಡನ್ನೇ ಕೇಳಿ ಪಡೆಯಿರಿ.