ಒಂದೇ ಟೈರ್ ಬದಲಾಯಿಸಿದರೆ ಸಾಕಾ? ಜೋಡಿ ತಪ್ಪಿದ ಟೈರಿನ ಕಥೆ

ಮಳೆಗಾಲದಲ್ಲಿ ಒಮ್ಮೆ ಮಂಡ್ಯದ ಹತ್ತಿರ ಕಬ್ಬಿನ ಗದ್ದೆ ಪಕ್ಕದ ಕಲ್ಲುರಸ್ತೆಯಲ್ಲಿ ನಮ್ಮ ಕಾರಿನ ಮುಂದಿನ ಎಡಗಡೆ ಟೈರ್ ಪಕ್ಕದಲ್ಲೇ ಹರಿದುಹೋಯಿತು. ಪಕ್ಕ ಹರಿದರೆ ಪಂಕ್ಚರ್ ಹಾಕಿ ಪ್ರಯೋಜನ ಇಲ್ಲ, ಹೊಸದೇ ಬೇಕು. ಅಂಗಡಿಯವರು "ಸೈಜ್ ಒಂದೇ ಅಲ್ವಾ ಸಾರ್, ಕಂಪನಿ ಯಾವುದಾದರೇನು" ಅಂದರು. ಒಂದೇ ಒಂದು ಹಾಕಿಸಿಕೊಂಡು, ದುಡ್ಡು ಉಳಿಯಿತು ಅಂತ ಖುಷಿಯಾಗಿ ಮೈಸೂರಿಗೆ ಹೊರಟೆ. ರಿಂಗ್ ರಸ್ತೆಯಲ್ಲಿ ಜೋರು ಮಳೆ, ಮುಂದೆ ಒಂದು ಆಟೋ, ಬ್ರೇಕ್ ಒತ್ತಿದೆ ನೋಡಿ, ಸ್ಟಿಯರಿಂಗ್ ಎಡಕ್ಕೆ ಎಳೆದುಕೊಂಡು ಹೋಯಿತು. ಎಡಗಡೆ ಹೊಸ ಟೈರ್ ರಸ್ತೆಯನ್ನು ಹಿಡಿದಿತ್ತು. ಬಲಗಡೆಯ ಬೋಳು ಟೈರ್ ನೀರಿನ ಮೇಲೆ ಜಾರುತ್ತಿತ್ತು.

"ಸೈಜ್ ಒಂದೇ" ಅನ್ನುವುದು ಅರ್ಧ ಸತ್ಯ. ಲೆಕ್ಕ ಹಾಕಿ ನೋಡಿ. ಟೈರಿನ ಪಕ್ಕದಲ್ಲಿ 185/65 ಆರ್15 ಅಂತ ಸೈಜ್ ಬರೆದಿರುವ ಟೈರಿನ ವ್ಯಾಸ ಸುಮಾರು 621 ಮಿಲಿಮೀಟರ್. ಹೊಸದರಲ್ಲಿ ಗೀರಿನ ಆಳ ಹೆಚ್ಚುಕಡಿಮೆ 8 ಮಿ.ಮೀ. ಇರುತ್ತದೆ. ಅದು ಸವೆದು 2 ಮಿ.ಮೀ.ಗೆ ಬಂತು ಅಂದರೆ ವ್ಯಾಸ 12 ಮಿ.ಮೀ. ಕಡಿಮೆಯಾಯಿತು. 185/65 ಬದಲು 175/65 ಟೈರ್ ಹಾಕಿದರೆ ಬರುವ ವ್ಯತ್ಯಾಸ 13 ಮಿ.ಮೀ. ಅಂದರೆ ಹೊಸ ಟೈರ್ ಪಕ್ಕ ಬೋಳು ಟೈರ್ ಇಟ್ಟರೆ, ಮೇಲೆ ನಂಬರ್ ಒಂದೇ ಇದ್ದರೂ ಬೇರೆ ಸೈಜ್ ಹಾಕಿದ ಹಾಗೇ. ಚಿಕ್ಕ ಚಕ್ರ ಕಿಲೋಮೀಟರಿಗೆ ಸುಮಾರು 10 ಸುತ್ತು ಜಾಸ್ತಿ ತಿರುಗಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ 118 ಕಿ.ಮೀ.ಗೆ ಸುಮಾರು 1,200 ಸುತ್ತು ಹೆಚ್ಚಾಯಿತು. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲಿ ಅಂತ ಡಿಫರೆನ್ಷಿಯಲ್ ಇರುತ್ತದೆ, ಪಾಪ ಅದು ಈಗ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿಯಬೇಕು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಕೂಡ ಚಕ್ರಗಳ ವೇಗ ನೋಡಿಯೇ ಕೆಲಸ ಮಾಡುವುದು. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಗಾಡಿಗಳಲ್ಲಂತೂ ಇದು ದುಬಾರಿ ರಿಪೇರಿಗೆ ದಾರಿ, ಅಲ್ಲಿ ನಾಲ್ಕೂ ಹೊಂದಲೇಬೇಕು.

ಹಾಗಾಗಿ ಮೊದಲ ನಿಯಮ: ಟೈರ್ ಬದಲಾಯಿಸಿದರೆ ಜೋಡಿಯಾಗಿ. ಒಂದೇ ಆಕ್ಸಲ್ಲಿನ, ಅಂದರೆ ಮುಂದಿನ ಎರಡು ಅಥವಾ ಹಿಂದಿನ ಎರಡು ಟೈರ್ ಒಂದೇ ಸೈಜ್, ಒಂದೇ ಕಂಪನಿ, ಒಂದೇ ಡಿಸೈನ್, ಸವೆತವೂ ಹೆಚ್ಚುಕಡಿಮೆ ಒಂದೇ ಇರಲಿ. ಮುಂದಿನ ಜೋಡಿ ಒಂದು ಕಂಪನಿ, ಹಿಂದಿನದು ಇನ್ನೊಂದು ಕಂಪನಿ ಆದರೆ ತಕ್ಷಣ ಪ್ರಳಯ ಏನೂ ಆಗಲ್ಲ, ಆದರೆ ನಾಲ್ಕೂ ಒಂದೇ ಇದ್ದರೆ ಒಳ್ಳೆಯದು.

ಹೊಸ ಜೋಡಿ ಮುಂದೆಯೋ ಹಿಂದೆಯೋ? ಇಲ್ಲಿ ಮುಕ್ಕಾಲು ಜನ ತಪ್ಪು ಮಾಡುತ್ತಾರೆ, ನಾನೂ ಮಾಡುತ್ತಿದ್ದೆ. ಮುಂದಿನ ಟೈರ್ ಬೇಗ ಸವೆಯುತ್ತದೆ, ಎಂಜಿನ್ ಮುಂದಿದೆ, ಸ್ಟಿಯರಿಂಗ್ ಮುಂದಿದೆ, ಅದಕ್ಕೆ ಹೊಸದು ಮುಂದೆ ಅನ್ನಿಸುತ್ತದೆ. ಆದರೆ ಹೊಸದು ಹೋಗಬೇಕಾದ್ದು ಹಿಂದಕ್ಕೆ. ಮುಂದಿನ ಚಕ್ರ ಜಾರಿದರೆ ಸ್ಟಿಯರಿಂಗ್ ಹಗುರಾಗಿ ಕೈಗೇ ಗೊತ್ತಾಗುತ್ತದೆ, ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟರೆ ಸಾಮಾನ್ಯವಾಗಿ ಹಿಡಿತ ವಾಪಸ್ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಮುನ್ಸೂಚನೆಯೇ ಇರುವುದಿಲ್ಲ. ಚಾಮುಂಡಿ ಬೆಟ್ಟ ಇಳಿಯುವುದನ್ನು ನೆನಪಿಸಿಕೊಳ್ಳಿ. ಮಳೆ ಬಂದು ನಿಂತಿದೆ, ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬಂದಿದೆ, ತಿರುವಿನಲ್ಲಿ ಹೆದರಿ ಬ್ರೇಕ್ ಒತ್ತಿದರೆ ಹಿಂಭಾಗ ಇನ್ನೂ ಹಗುರಾಗುತ್ತದೆ, ಅಲ್ಲಿ ಬೋಳು ಟೈರ್ ಇದ್ದರೆ ಕಾರಿನ ಹಿಂಬದಿ ತಿರುಗಿ ಮುಂದೆ ಬರಲು ನೋಡುತ್ತದೆ. ನಾಲೆ ಏರಿ ಮೇಲಿನ ರಸ್ತೆಯಲ್ಲಿ ಹೀಗಾಯಿತು ಅಂದುಕೊಳ್ಳಿ, ಬೇಡಪ್ಪ.

ಇನ್ನು ನೀವೇ ಪರೀಕ್ಷೆ ಮಾಡುವುದು ಹೇಗೆ ಅಂತ. ಆಯುಧಪೂಜೆ ದಿನ ಕಾರು ತೊಳೆದು ಟೈರ್ ಕೆಳಗೆ ನಿಂಬೆಹಣ್ಣು ಇಡಲು ಹೇಗೂ ಬಗ್ಗುತ್ತೀರಲ್ಲ, ಅವತ್ತೇ ನೋಡಿದರೂ ಸರಿ. ಪ್ರತಿ ಟೈರಿನ ಪಕ್ಕದ ಬರಹವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಸ್ಟೆಪ್ನಿಯದ್ದೂ ಸೇರಿಸಿ. 185/65 ಆರ್15 88ಎಚ್ ಅಂತ ಇದ್ದರೆ ಅಗಲ 185 ಮಿ.ಮೀ., ಪಕ್ಕದ ಎತ್ತರ ಅದರ ಶೇ. 65, ಒಳಗಿನ ರಿಮ್ 15 ಇಂಚು. 88 ಅಂದರೆ ಒಂದು ಟೈರ್ 560 ಕೆ.ಜಿ. ಹೊರಬಲ್ಲದು, ಎಚ್ ಅಂದರೆ ಗಂಟೆಗೆ 210 ಕಿ.ಮೀ.ವರೆಗಿನ ವೇಗಕ್ಕೆ ತಯಾರಾದದ್ದು. ಡ್ರೈವರ್ ಬಾಗಿಲಿನ ಚೌಕಟ್ಟಿನ ಹತ್ತಿರ ಅಂಟಿಸಿರುವ ಚೀಟಿಯ ಜೊತೆ ಹೋಲಿಸಿ. ಆಮೇಲೆ ಟೈರ್ ತಯಾರಾದ ತಾರೀಖು. ನಾಲ್ಕಂಕಿ ಇರುತ್ತದೆ, 2321 ಅಂದರೆ 2021ರ 23ನೇ ವಾರ. ಗೀರಿನೊಳಗೆ ಅಡ್ಡಲಾಗಿ ಸಣ್ಣ ರಬ್ಬರ್ ದಿಬ್ಬಗಳಿವೆ, 1.6 ಮಿ.ಮೀ. ಎತ್ತರ. ಟೈರಿನ ಮೇಲ್ಮೈ ಅದರ ಮಟ್ಟಕ್ಕೆ ಬಂದರೆ ಆ ಟೈರಿನ ಆಯಸ್ಸು ಮುಗಿಯಿತು.

ಗಾಡಿ ಒಂದು ಕಡೆ ಎಳೆಯುತ್ತಿದ್ದರೆ ತಕ್ಷಣ ಅಲೈನ್‌ಮೆಂಟ್‌ಗೆ, ಅಂದರೆ ಚಕ್ರಗಳ ಕೋನ ಸರಿಪಡಿಸುವುದಕ್ಕೆ, ದುಡ್ಡು ಕೊಡಬೇಡಿ. ಮೊದಲು ಗಾಳಿ ನೋಡಿ, ಟೈರ್ ತಣ್ಣಗಿರುವಾಗ. ಸರಿ ಇದ್ದರೆ ಮುಂದಿನ ಎರಡು ಚಕ್ರಗಳನ್ನು ಎಡ-ಬಲ ಅದಲು ಬದಲು ಮಾಡಿಸಿ ಓಡಿಸಿ. ಎಳೆತವೂ ಇನ್ನೊಂದು ಕಡೆಗೆ ಹೋದರೆ ತಪ್ಪು ಟೈರಿನದು. ಮೊದಲಿನ ಕಡೆಗೇ ಎಳೆದರೆ ಅಲೈನ್‌ಮೆಂಟ್ ಅಥವಾ ಬ್ರೇಕ್ ನೋಡಿಸಿ. ಪಕ್ಕದಲ್ಲಿ ಬಾಣದ ಗುರುತು ಇರುವ ಟೈರಿಗೆ ಮಾತ್ರ ಈ ಉಪಾಯ ಬೇಡ, ಅದು ಒಂದೇ ದಿಕ್ಕಿಗೆ ತಿರುಗಬೇಕು.

ಮೆಟಗಳ್ಳಿ ಕಡೆ ಟೈರ್ ಫ್ಯಾಕ್ಟರಿಯನ್ನೇ ಇಟ್ಟುಕೊಂಡಿರುವ ಊರು ನಮ್ಮ ಮೈಸೂರು, ಆದರೂ ಟೈರ್ ಕೊಳ್ಳುವಾಗ ರೇಟ್ ಬಿಟ್ಟು ಬೇರೇನೂ ಕೇಳುವುದಿಲ್ಲ.

ನನ್ನ ಕಾರಿಗೆ ಕೊನೆಗೆ ಏನು ಮಾಡಿದೆ ಅಂದರೆ, ಆ ಒಂಟಿ ಹೊಸ ಟೈರಿಗೆ ಅದೇ ಕಂಪನಿಯ, ಅದೇ ಡಿಸೈನಿನ ಜೋಡಿ ತಂದು ಎರಡನ್ನೂ ಹಿಂದಕ್ಕೆ ಹಾಕಿಸಿದೆ. ಹಿಂದೆ ಇದ್ದ ಒಳ್ಳೆಯ ಎರಡು ಮುಂದಕ್ಕೆ ಬಂದವು. ಬೋಳಾದದ್ದನ್ನು "ಸ್ಟೆಪ್ನಿಗೆ ಇರಲಿ ಸಾರ್" ಅಂದರು. ಬೇಡ ಅಂತ ಅಲ್ಲೇ ಬಿಟ್ಟು ಬಂದೆ.